ಹಂಡೆಯಿಲ್ಲದ ಬಿಸಿನೀರು

ಬಿಸಿನೀರಿನ ಮಾತೆತ್ತಿದರೆ ಈಚೆಗೆ ನನಗೆ ಸುಸ್ತಾಗುತ್ತದೆ. ಬಿಸಿನೀರು ಮಿಂದರೆ ಸುಸ್ತು ಹೋಗಬೇಕು, ನನ್ನದು ಉಲ್ಟಾ. ಸಿದ್ದಾಪುರದ ಹೈಸ್ಕೂಲಿನಲ್ಲಿ ಇಪ್ಪತ್ತಮೂರು ವರ್ಷಗಳಿಂದ ವಿಜ್ಞಾನ ಕಲಿಸುತ್ತಿದ್ದೇನೆ. ಶಾಖಕ್ಕೂ ಉಷ್ಣತೆಗೂ ಇರುವ ವ್ಯತ್ಯಾಸವೇನು ಎಂದು ವರ್ಷವರ್ಷವೂ ಎರಡು ಅಂಕಕ್ಕೆ ಕೇಳುತ್ತೇನೆ. ಅಂಥ ನಾನು ಮನೆಗೊಂದು ಗೀಸರ್ ಆರಿಸಲು ಎರಡು ತಿಂಗಳು ಒದ್ದಾಡಿದೆ. ನನ್ನ ವಿದ್ಯಾರ್ಥಿಗಳಿಗೆ ಇದು ತಿಳಿಯದಿರಲಿ.

ಕೋಲಸಿರ್ಸಿಯ ನಮ್ಮ ಮನೆಯ ಬಚ್ಚಲಲ್ಲಿ ತಾಮ್ರದ ಹಂಡೆ ಇದೆ, ಅದರ ಕೆಳಗೆ ಒಲೆ. ನನ್ನ ಹೆಂಡತಿ ಸುಮಿತ್ರಾ ಮದುವೆಯಾಗಿ ಬಂದ ಮರುವಾರದಿಂದ ಬೆಳಗ್ಗೆ ಎದ್ದು ಮಾಡುವ ಮೊದಲ ಕೆಲಸ ಆ ಒಲೆಗೆ ಬೆಂಕಿ ಹಾಕುವುದು. ಈ ಸಲ ಮಳೆ ಮುಗಿದರೂ ಅವಳ ಕೆಮ್ಮು ಮುಗಿಯಲಿಲ್ಲ. ನಾಲ್ಕು ಮೆಟ್ಟಿಲು ಹತ್ತಿದರೆ ಎದೆಯೊಳಗೆ ಸಿಳ್ಳೆ ಹೊಡೆದ ಸದ್ದು. ಶಿರಸಿಯ ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, "ಮನೇಲಿ ಒಲೆಗೆ ಬೆಂಕಿ ಹಾಕೋದು ಯಾರು?" ಎಂದರು. "ನಾನೇ" ಎಂದಳು ಇವಳು. ಡಾಕ್ಟರು ಅವಳನ್ನು ಬಿಟ್ಟು ನನ್ನನ್ನು ನೋಡಿದರು. ಅಡುಗೆಮನೆಗೆ ಗ್ಯಾಸ್ ಬಂದು ಬಹಳ ವರ್ಷವಾಯಿತು, ಉಳಿದಿರುವುದು ಬಚ್ಚಲ ಒಲೆ ಒಂದೇ ಎಂದು ನಾನು ಸಮಜಾಯಿಷಿ ಕೊಡತೊಡಗಿದೆ. "ಆ ಒಂದನ್ನೂ ಬಿಡಿಸಿ ಮಾಸ್ತರ್ರೇ. ಇನ್ನೊಂದು ಚಳಿಗಾಲ ಆ ಹೊಗೇಲಿ ಕೂತರೆ ಇವರ ಉಸಿರು ತಡೆಯೋದಿಲ್ಲ" ಎಂದರು. ಬಸ್ಸಿನಲ್ಲಿ ಬರುವಾಗ ನನಗೆ ಹೆದರಿಕೆಯಾಗಿತ್ತು.

ಗೀಸರ್ ವಿಷಯದಲ್ಲಿ ಸ್ಟಾಫ್ ರೂಮಿನಲ್ಲಿ ಎಲ್ಲರೂ ಪಂಡಿತರೇ. ಸೋಲಾರ್ ಎಂದರು ಒಬ್ಬರು. ನಮ್ಮ ಮಾಡಿನ ಮೇಲೆ ಬಿಸಿಲು ಬೀಳುವುದು ಹಲಸಿನ ಮರದ ಅಪ್ಪಣೆಯಾದರೆ ಮಾತ್ರ. ಕರೆಂಟಿನದು ಎಂದರು ಇನ್ನೊಬ್ಬರು. ಬೆಳಗಿನ ನಮ್ಮ ವೋಲ್ಟೇಜಿನಲ್ಲಿ ಬಲ್ಬೇ ಕಣ್ಣು ಬಿಡುವುದಿಲ್ಲ. ಕೊನೆಗೆ ಉಳಿದದ್ದು ಹೊಟ್ಟೆಯೊಳಗೆ ಟ್ಯಾಂಕೇ ಇಲ್ಲದ, ನೀರು ಹರಿಯುತ್ತಿದ್ದಂತೆಯೇ ಕಾಸುವ ಗ್ಯಾಸ್ ಗೀಸರ್. ಶಿರಸಿಯ ಅಂಗಡಿಯವರು ಬನವಾಸಿ ಕಡೆಯವರು. "ಬರ್ರಿ ಸರ, ಕುಂದರ್ರಿ. ನಿಮ್ಮ ಟಾಕಿ ಎಷ್ಟು ಎತ್ತರದಾಗ ಐತ್ರಿ?" ಎಂದು ಮೊದಲಿಗೇ ಕೇಳಿದರು. ನೀರಿಗೆ ಒತ್ತಡ ಸಾಲದಿದ್ದರೆ ಈ ಯಂತ್ರ ಹೊತ್ತಿಕೊಳ್ಳುವುದೇ ಇಲ್ಲವಂತೆ. ನಮ್ಮ ನೀರು ಗುಡ್ಡದ ಒರತೆಯಿಂದ ಪೈಪಿನಲ್ಲಿ ತಾನಾಗಿ ಇಳಿದು ಬರುತ್ತದೆ, ಟಾಕಿ ಇಲ್ಲ ಎಂದೆ. "ಹಂಗಾದ್ರ ಗುಡ್ಡಾ ಅಳಕೊಂಡು ಬರ್ರಿ" ಎಂದರು.

ಒಂದು ಭಾನುವಾರ ಹಗ್ಗ ಹಿಡಿದು ಗುಡ್ಡ ಅಳೆದೆ. ಮೈಯೆಲ್ಲ ರಕ್ತ ಹೀರುವ ಉಂಬಳ, ಮಂಡಿ ನೋವು. ಒತ್ತಡ ಸಾಕಷ್ಟಿತ್ತು. ಆದರೆ ಒರತೆಗೆ ಕೈಯಿಟ್ಟಾಗ ಬೆರಳು ಜೋಮು ಹಿಡಿದು ಇನ್ನೊಂದು ಚಿಂತೆ ಹತ್ತಿತು. ಪೆಟ್ಟಿಗೆಯ ಮೇಲೆ ನಿಮಿಷಕ್ಕೆ ಆರು ಲೀಟರ್ ಎಂದು ಬರೆದಿರುತ್ತಾರೆ, ಅದು ಯಾವ ಊರಿನ ನೀರು ಎಂದು ಬರೆಯುವುದಿಲ್ಲ. ಯಂತ್ರ ಕೊಡುವ ಶಾಖ ಯಾವಾಗಲೂ ಅಷ್ಟೇ; ಒಳಗೆ ಹೋಗುವ ನೀರು ತಣ್ಣಗಿದ್ದಷ್ಟೂ ಹೊರಬರುವ ಧಾರೆ ಸಣ್ಣದಾಗಬೇಕು. ಇದನ್ನು ಅಂಗಡಿಯಲ್ಲಿ ವಿವರಿಸಿ, ಪೆಟ್ಟಿಗೆಯ ಮಾತನ್ನು ನಂಬದೆ ದೊಡ್ಡದನ್ನೇ ತಂದೆ. ಉರಿದ ಗ್ಯಾಸಿನ ಕೆಟ್ಟ ಗಾಳಿ ಒಳಗೆ ಸೇರಬಾರದೆಂದು ಬಚ್ಚಲ ಹೊರಗೋಡೆಗೆ ಹಾಕಿಸಿದೆ. ವಿಜ್ಞಾನ ಗೆದ್ದಿತು ಎಂದುಕೊಂಡು ಹದಿನೈದು ದಿನ ಹಾಯಾಗಿ ಮಿಂದೆ.

ಇಲ್ಲಿ ನಿಮಗೆ ಹಂಡೆಯ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಕಡೆ ಅದು ಬರೀ ಪಾತ್ರೆಯಲ್ಲ, ಮನೆಯ ಮರ್ಯಾದೆ. ದೀಪಾವಳಿಯಲ್ಲಿ ನೀರು ತುಂಬುವ ಹಬ್ಬಕ್ಕೆ ಅದಕ್ಕೆ ಹಿಂಡಲಕಾಯಿ ಬಳ್ಳಿ ಸುತ್ತಿ ಪೂಜೆ ಮಾಡುತ್ತೇವೆ. ಗೋಡೆಯ ಮೇಲಿನ ಪೆಟ್ಟಿಗೆಗೆ ಬಳ್ಳಿ ಸುತ್ತಿದರೆ ವಾರಂಟಿ ಹೋಗುತ್ತದೆ. ಯಾವ ಹೊತ್ತಿಗೆ ಯಾರೇ ಬರಲಿ, ಚಾ ಕುಡಿಯುವ ಮೊದಲೋ ನಂತರವೋ ಮೀಯಲು ಬಿಸಿನೀರು ಹಂಡೆಯಲ್ಲಿ ಇದ್ದೇ ಇರಬೇಕು. ಬೆಳಗ್ಗೆ ಹೊತ್ತಿಸಿದ ಬೆಂಕಿ ಸಂಜೆಯವರೆಗೂ ಕೆಂಡವಾಗಿ ಉಳಿಯುವುದು ಇದಕ್ಕಾಗಿಯೇ.

ಒಂದು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬರುವಾಗ ಬಚ್ಚಲ ಹೆಂಚಿನ ಸಂದಿಯಿಂದ ಹೊಗೆ ಏಳುತ್ತಿತ್ತು. ಓಡಿದೆ. ಸುಮಿತ್ರಾ ಒಲೆಯ ಮುಂದೆ ಕೂತು ಕೆಮ್ಮುತ್ತಿದ್ದಳು. ಗೀಸರಿನ ನಲ್ಲಿಗೆ ಪೈಪು ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಹಂಡೆಯೊಳಗೆ ಇಳಿಬಿಟ್ಟಿದ್ದಳು. ಟ್ಯಾಂಕಿಲ್ಲದ ಗೀಸರಿಗೆ ನನ್ನ ಹೆಂಡತಿ ಟ್ಯಾಂಕು ಜೋಡಿಸಿದ್ದಳು!

"ಇದೆಂತ ಮಾರಾಯ್ತಿ?" ಎಂದೆ.

"ಗೀಸರಿನ ನೀರೇಯ. ತಣಿಯದೇ ಇರ್ಲಿ ಹೇಳಿ ಎರಡೇ ಎರಡು ಕಟ್ಟಿಗೆ ಇಟ್ಟಿದ್ದಿ."

ನನಗೆ ಸಿಟ್ಟು ಬಂತು. ಡಾಕ್ಟರು ಹೇಳಿದ್ದು, ಗುಡ್ಡ ಅಳೆದದ್ದು, ಶಾಖ, ಉಷ್ಣತೆ ಎಲ್ಲವನ್ನೂ ಏರುದನಿಯಲ್ಲಿ ಒಪ್ಪಿಸಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿಸಿಕೊಂಡಳು. "ಬಂದವು ನೀರು ಕಾದಿದ್ದಾ ಕೇಳಿದ್ರೆ ಕಾದಿದ್ದು ಹೇಳವು. ಕಾಸ್ತೆ ಹೇಳಲಾಗ. ಕಾಸ್ತೆ ಅಂದ್ರೆ ಅವು ಬ್ಯಾಡ ಹೇಳಿ ಹೋಗ್ತ. ಯಂಗೆ ಸುಳ್ಳು ಹೇಳಲೆ ಬತ್ತಿಲ್ಲೆ" ಎಂದಳು.

ಬಂದವರಿಗೆ ನೀರು ಕಾದಿದೆ ಎನ್ನಬೇಕು, ಕಾಸುತ್ತೇನೆ ಎನ್ನಬಾರದು; ಕಾಯದ ನೀರನ್ನು ಕಾದಿದೆ ಎನ್ನಲು ಇವಳಿಗೆ ಬರುವುದಿಲ್ಲ. ದಣಿದು ಅಲ್ಲೇ ಮಣೆಯ ಮೇಲೆ ಕೂತೆ. ಅವಳ ಎದೆಯ ಸಿಳ್ಳೆ ಕೇಳುತ್ತಿತ್ತು. ಕಡೆಗೆ ಹೀಗೆ ಒಪ್ಪಂದವಾಯಿತು: ಇನ್ನು ಮುಂದೆ ನೀರು ಕಾದಿದೆ ಎಂದು ಹೇಳುವ ಕೆಲಸ ನನ್ನದು, ಒಲೆಗೆ ಬೆಂಕಿ ಹಾಕದಿರುವ ಕೆಲಸ ಅವಳದು. ಎರಡನೆಯದೇ ಕಷ್ಟದ್ದು ಎಂದು ಆಮೇಲೆ ತಿಳಿಯಿತು. ಮೊದಲ ವಾರವೆಲ್ಲ ಅವಳು ಬೆಳಗ್ಗೆ ಎದ್ದು, ಏನು ಮಾಡಬೇಕೆಂದು ತೋಚದೆ ಬಚ್ಚಲ ಬಾಗಿಲಲ್ಲಿ ಸುಮ್ಮನೆ ನಿಲ್ಲುತ್ತಿದ್ದಳು.

ಚಳಿಗಾಲ ಮುಗಿಯುವ ಹೊತ್ತಿಗೆ ಒಂದು ಸಂಜೆ ಕಾನಸೂರಿನಿಂದ ನನ್ನ ದೊಡ್ಡಪ್ಪ ಬಂದರು. ಚಪ್ಪಲಿ ಬಿಡುತ್ತಲೇ, "ತಮಾ, ನೀರು ಕಾದಿದ್ದಾ?" ಎಂದರು. "ಕಾದಿದ್ದು ದೊಡ್ಡಪ್ಪ" ಎಂದೆ. ಸುಮಿತ್ರಾ ನೆಲ ನೋಡಿದಳು. ಅವರು ಅಂಗಿ ಬಿಚ್ಚಿ ಗೂಟಕ್ಕೆ ಹಾಕುವಷ್ಟರಲ್ಲಿ ನಾನು ಹಿಂದಿನಿಂದ ಹೋಗಿ ಗುಂಡಿ ತಿರುಗಿಸಿ, ಗೀಸರಿನ ನಲ್ಲಿಯನ್ನು ಬಕೆಟ್ಟಿಗೆ ಬಿಟ್ಟು ಬಂದೆ. ನನ್ನ ಸುಳ್ಳು ನಿಜವಾಗಲು ಅರ್ಧ ನಿಮಿಷವೂ ಬೇಕಾಗಲಿಲ್ಲ.

ದೊಡ್ಡಪ್ಪ ಮೈಯಿಂದ ಹಬೆಯಾಡಿಸುತ್ತ ಹೊರಬಂದರು. "ಒಳ್ಳೆ ಸುಡುಸುಡು ನೀರು. ಎಷ್ಟೊತ್ತಿಗೆ ಬೆಂಕಿ ಒಟ್ಟಿದ್ದೆ ಕೂಸೇ?" ಎಂದು ಅವಳನ್ನು ಕೇಳಿದರು. ಅವಳು ನನ್ನ ಮುಖ ನೋಡಿದಳು. "ಇವತ್ತು ಆನೇ ಕಾಸಿದ್ದು" ಎಂದೆ.

"ನೀನಾ!" ದೊಡ್ಡಪ್ಪ ಟವೆಲನ್ನು ಹೆಗಲಿಗೆ ಹಾಕಿಕೊಂಡು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ಎಂಥಾ ಗಂಡ ಸಿಕ್ಕಿದ್ನೇ ಕೂಸೇ ನಿಂಗೆ! ಪುಣ್ಯ ಮಾಡಿದ್ದೆ."

ಅಷ್ಟು ವರ್ಷ ನೀರು ಕಾಸಿದವಳಿಗೆ ಯಾರೂ ಹೇಳದ ಮಾತು, ಒಂದು ಗುಂಡಿ ತಿರುಗಿಸಿದ್ದಕ್ಕೆ ನನಗೆ ಸಿಕ್ಕಿತು. ನಾಚಿಕೆಯಾಯಿತು. ಸುಮಿತ್ರಾಗೆ ಮಾತ್ರ ನಗು ತಡೆಯಲಾಗಲಿಲ್ಲ. ಗೋಡೆ ಹಿಡಿದುಕೊಂಡು ನಕ್ಕಳು, ಸಾಕೆನಿಸುವಷ್ಟು ನಕ್ಕಳು. ಈಗ ಕೆಮ್ಮು ಬರುತ್ತದೆ, ಈಗ ಬರುತ್ತದೆ ಎಂದು ನಾನು ನೀರಿನ ಲೋಟ ಹಿಡಿದು ನಿಂತಿದ್ದೆ. ಬರಲಿಲ್ಲ. ನೀರು ನಾನೇ ಕುಡಿದೆ.