ಮೂಗಿನಿಂದ ಬಂದ ಹಾಲು

ಬಾಯಿಗೆ ಬಿಟ್ಟ ಹಾಲು ಮೂಗಿನಿಂದ ಆಚೆ ಬಂತು.

ಗಾಬರಿಯಾಗಬೇಡಿ, ನನ್ನ ಮಕ್ಕಳಲ್ಲ. ಅವರಿಬ್ಬರೂ ಬಿರಿಯಾನಿಗೆ ಜಗಳ ಆಡುವ ವಯಸ್ಸಿನವರು. ಇದು ಕಡೂರಿನ ನಮ್ಮ ಮನೆಯ ಗೇಟಿನ ಪಕ್ಕದಲ್ಲಿ ಬೀದಿನಾಯಿ ಹಾಕಿದ ಮರಿ. ಇನ್ನೂ ಕಣ್ಣು ಬಿಟ್ಟಿರಲಿಲ್ಲ. ತಾಯಿ ಇದೊಂದನ್ನು ಪಕ್ಕಕ್ಕೆ ತಳ್ಳಿ ಮಿಕ್ಕವಕ್ಕೆ ಹಾಲು ಕೊಡುತ್ತಿತ್ತು. "ನೀನೂ ಒಂದು ತಾಯೇನೇ?" ಎಂದು ಅದಕ್ಕೆ ಬೈದು ಮರಿಯನ್ನು ಹಳೆಯ ಟವೆಲ್‌ನಲ್ಲಿ ಸುತ್ತಿ ಒಳಗೆ ತಂದೆ. (ಬೈಯುವುದು ನನಗೆ ಸಲೀಸು. ನಿಮಗೆ ಗೊತ್ತೇ ಇದೆ.)

ಈಗಿನ ತಾಯಂದಿರಿಗೆ ಮಗುವಿಗೆ ಉಣ್ಣಿಸುವ ತಾಳ್ಮೆಯೇ ಇಲ್ಲ ಎಂದು ಹಿಂದೊಮ್ಮೆ ಇದೇ ಅಂಕಣದಲ್ಲಿ ಬರೆದು ನಿಮ್ಮಿಂದ ಉಗಿಸಿಕೊಂಡಿದ್ದೆನಲ್ಲ? ತಾಳ್ಮೆ ಎಂದರೇನು ಅಂತ ತೋರಿಸುವ ಅವಕಾಶ ಗೇಟಿಗೇ ಬಂದಿತ್ತು. ಬಿಡುವವಳೇ ನಾನು?

ನಮ್ಮತ್ತೆ ಬೀರುವಿನಿಂದ ಬೆಳ್ಳಿ ಒಳಲೆ ತೆಗೆದರು. ಮೊದಲು ನನ್ನ ಗಂಡ, ಆಮೇಲೆ ನನ್ನ ಮಕ್ಕಳು ಹಾಲು ಕುಡಿದ ಒಳಲೆ ಅದು.

"ನಾಯಿಗೆ ಇದಾ ಅತ್ತೆ?"

"ಪ್ರಾಣ ಯಾರ್ದಾದ್ರೇನೇ? ಕಾಲು ನೀಡ್ಕೊಂಡು ಕೂತ್ಕೊ."

ನಮ್ಮ ಕಡೆ ಕೂಸಿಗೆ ಒಳಲೆ ಹಾಕುವ ಕ್ರಮವೇ ಹಾಗೆ. ನೆಲದ ಮೇಲೆ ಕಾಲು ನೀಡಿ ಕೂತು, ಕಾಲಿನ ಮೇಲೆ ಕೂಸನ್ನು ಅಂಗಾತ ಮಲಗಿಸಿ, ಸ್ವಲ್ಪ ಸ್ವಲ್ಪವೇ ಬಾಯಿಗೆ ಬಿಡುವುದು. ಮರಿಯನ್ನೂ ಹಾಗೇ ಮಲಗಿಸಿದೆ. ನಾಲ್ಕು ಕಾಲೂ ಸೂರಿನ ಕಡೆಗೆ. ಹಾಲು ಬಿಟ್ಟೆ. ಮೂಗಿನಲ್ಲಿ ಗುಳ್ಳೆ ಬಂತು, ಹಾಲು ಸುರಿಯಿತು, ಮರಿ ಕೆಮ್ಮಿತು.

"ನೆತ್ತಿಗೆ ಹತ್ತಿತು, ತಟ್ಟೇ ನೆತ್ತಿ!" ಅಂದರು ಅತ್ತೆ.

ಪಕ್ಕದ ಮನೆ ಫಾತಿಮಾ ಆಪಾ ಕಾಂಪೌಂಡಿನ ಆಚೆಯೇ ನಿಂತಿದ್ದರು. ನಾಯಿ ಎಂಜಲು ತಾಗಿದರೆ ನಮಾಜಿಗೆ ಮೊದಲು ತೊಳೆದುಕೊಳ್ಳಬೇಕು. ಸಲಹೆಗೆ ಆ ತೊಂದರೆ ಇಲ್ಲ. "ಹಾಲು ಗಟ್ಟಿ ಆಯ್ತಮ್ಮಾ, ನೀರು ಹಾಕು" ಅಂದರು. ನನ್ನ ಗಂಡ ಪೇಪರಿನಿಂದ ತಲೆ ಎತ್ತಿ, "ಗೂಗಲ್ ಮಾಡೇ" ಅಂದರು. (ಅವರು ಮಾಡುವುದಿಲ್ಲ, ಮಾಡಿಸುತ್ತಾರೆ.)

ನೀರು ಬೆರೆಸಿದೆ. ನೆತ್ತಿ ತಟ್ಟಿದೆ. ದೃಷ್ಟಿ ತೆಗೆದದ್ದೂ ಆಯಿತು. ಗೂಗಲ್ ಮಾತ್ರ ಮಾಡಲಿಲ್ಲ. ಎರಡು ಮಕ್ಕಳನ್ನು ಹೆತ್ತು ಸಾಕಿದವಳಿಗೆ ಫೋನು ಹೇಳಿಕೊಡಬೇಕೇ? ಮಧ್ಯಾಹ್ನ ಕಳೆಯುವಷ್ಟರಲ್ಲಿ ಮರಿಯ ಎದೆಯಲ್ಲಿ ಗೊರಗೊರ ಸದ್ದು. ಮೈ ತಣ್ಣಗಾಗತೊಡಗಿತು. ನನಗೆ ಭಯವಾಯಿತು. ಒಂದು ಬೀದಿನಾಯಿ ಮರಿಗೆ ಇಷ್ಟು ಭಯಪಡುತ್ತೇನೆ ಅಂತ ಬೆಳಗ್ಗೆ ಯಾರಾದರೂ ಹೇಳಿದ್ದರೆ ನಗುತ್ತಿದ್ದೆ.

ಸ್ಕೂಟರ್ ಹತ್ತಿ ಪಶು ಡಾಕ್ಟರ ಹತ್ತಿರ ಓಡಿದೆ. ಸಣ್ಣ ವಯಸ್ಸಿನ ಹುಡುಗಿ. ಹೇಗೆ ಕುಡಿಸಿದಿರಿ ಎಂದು ಕೇಳಿದಳು. ಹೆಮ್ಮೆಯಿಂದಲೇ ಹೇಳಿದೆ.

"ಮೇಡಂ, ನಾಯಿ ಮರಿ ಅಂಗಾತ ಮಲಗಿ ಹಾಲು ಕುಡಿಯೋದನ್ನ ಎಲ್ಲಾದ್ರೂ ನೋಡಿದೀರಾ? ಶ್ವಾಸಕೋಶಕ್ಕೆ ಹೋಗಿದೆ."

ನೋಡಿರಲಿಲ್ಲ. ಮಿಕ್ಕ ಮರಿಗಳು ಬೋರಲು ಮಲಗಿ ಚೀಪುವುದನ್ನು ಗೇಟಿನ ಹತ್ತಿರ ದಿನಾ ನೋಡುತ್ತಿದ್ದೆ, ಅಷ್ಟೆ.

ಆಕೆ ಬೆರಳಿನಿಂದ ಮರಿಯ ಬಾಯಿ ತೆಗೆದು ಟಾರ್ಚ್ ಬಿಟ್ಟಳು. ಅಂಗುಳು ಉದ್ದಕ್ಕೂ ಸೀಳಿತ್ತು. ಹುಟ್ಟಿನಿಂದಲೇ ಹಾಗಂತೆ. ಅದಕ್ಕೇ ಚೀಪಲು ಆಗುತ್ತಿಲ್ಲ, ಅದಕ್ಕೇ ಹಾಲೆಲ್ಲ ಮೂಗಿಗೆ. ಬೆಳಗಿನಿಂದ ಇಷ್ಟು ಜನ ಸಲಹೆ ಕೊಟ್ಟೆವಲ್ಲ, ಒಬ್ಬರಾದರೂ ಅದರ ಬಾಯಿ ತೆಗೆದು ನೋಡಿದ್ದೆವಾ?

"ಉಳಿಯುತ್ತಾ?" ಅಂದೆ.

"ಹೇಳೋಕಾಗಲ್ಲ. ಟ್ಯೂಬಲ್ಲಿ ಹಾಲು ಕೊಡಬೇಕು. ನೀವು ಮಾಡ್ತೀರಾ?"

ಸೂಜಿಗೆ ದಾರ ಪೋಣಿಸಲು ಮಗಳನ್ನು ಕರೆಯುವವಳು ನಾನು. ಹೂಂ ಅಂದುಬಿಟ್ಟೆ.

ಎಳೆಯಷ್ಟು ಸಣ್ಣ ಟ್ಯೂಬು. ಮರಿಯ ಮೂಗಿನ ತುದಿಯಿಂದ ಕೊನೆಯ ಪಕ್ಕೆಲುಬಿನವರೆಗೆ ಅಳೆದು ಗುರುತು ಹಾಕಬೇಕು. ಗುರುತು ಬಾಯಿಗೆ ಬರುವವರೆಗೆ ಮೆಲ್ಲಗೆ ಇಳಿಸಬೇಕು. ದಾರಿ ತಪ್ಪಿದರೆ ಹಾಲು ಹೊಟ್ಟೆಯ ಬದಲು ಎದೆಗೆ. ಮಗಳ ನೇಲ್ ಪಾಲಿಶ್‌ನಲ್ಲಿ ಗುರುತು ಹಾಕಿದೆ. ಅನ್ನಕ್ಕೆ ಉಪ್ಪು ಮರೆತೆ, ಕುಕ್ಕರ್ ತಳ ಸೀಯಿಸಿದೆ, ಒಂದು ಮದುವೆ ತಪ್ಪಿಸಿದೆ. ತಾಳ್ಮೆಯ ಬಗ್ಗೆ ಬರೆದವಳು "ಇಳಿಯೋ, ಇಳಿಯೋ" ಅಂತ ಟ್ಯೂಬಿಗೂ ಬೈದೆ.

ಒಂದು ಬೆಳಗ್ಗೆ ಅಳೆದರೆ ಟ್ಯೂಬಿನ ಗುರುತು ಪಕ್ಕೆಲುಬಿಗೆ ಸಾಲಲಿಲ್ಲ. ಅಳತೆ ತಪ್ಪಿತೇನೋ ಅಂದುಕೊಂಡೆ. ಮತ್ತೆ ಅಳೆದೆ. ಮರಿ ಬೆಳೆದಿತ್ತು!

ಕಣ್ಣು ಬಿಟ್ಟು ತಟ್ಟಾಡಿಕೊಂಡು ನಡೆಯತೊಡಗಿದ ಮೇಲೆ, ಗಟ್ಟಿ ಉಂಡೆ ಕೊಟ್ಟು ನೋಡಿ ಎಂದರು ಡಾಕ್ಟರು. ಮೊಟ್ಟೆ ಕಲಸಿದ ರಾಗಿಮುದ್ದೆಯನ್ನು ಗೋಲಿಯಷ್ಟು ಮಾಡಿ ಇಟ್ಟೆ. "ಅಗೀಬ್ಯಾಡ ಕಣೋ, ನುಂಗು" ಎಂದರು ಅತ್ತೆ. ಅದು ಕಡೂರಿನ ಪ್ರಜೆಯ ಹಾಗೆ ಗುಳುಕ್ಕನೆ ನುಂಗಿತು. ನಾನು ಮೂಗನ್ನೇ ನೋಡುತ್ತಿದ್ದೆ. ಏನೂ ಬರಲಿಲ್ಲ. ಎಲ್ಲರ ಮುಂದೆಯೇ ಅತ್ತುಬಿಟ್ಟೆ.

ಅಂಗುಳು ಹೊಲಿಯುವ ಆಪರೇಷನ್ ಇನ್ನೂ ಬಾಕಿ ಇದೆ. ಆದರೆ ಈಗ ಮರಿ ಓಡುತ್ತದೆ, ಚಪ್ಪಲಿ ಕಚ್ಚುತ್ತದೆ. "ನಮ್ಮ ಒಳಲೇಲೇ ಸಾಕಿದ್ದು ಕಣೇ" ಎಂದು ಅತ್ತೆ ಸಖರಾಯಪಟ್ಟಣದ ತಂಗಿಗೆ ಫೋನಿನಲ್ಲಿ ಹೇಳುತ್ತಿದ್ದರು. ತಾವು ಮಾಡಿದ ದುವಾದ, ಪ್ರಾರ್ಥನೆಯ ಫಲ ಎಂದರು ಆಪಾ. "ಮೊದಲೇ ಗೂಗಲ್ ಮಾಡು ಅಂದಿರಲಿಲ್ವಾ?" ಎಂದರು ಪೇಪರಿನ ಹಿಂದಿನಿಂದ ನಮ್ಮವರು.

ಬದುಕಿದ ಮರಿಯ ಪುಣ್ಯಕ್ಕೇನೋ ಜಂಟಿ ಖಾತೆ ಆಯಿತು. ಅವತ್ತು ನನ್ನ ಕಾಲ ಮೇಲೆ ಸತ್ತಿದ್ದರೆ, ಪಾಪದ ಖಾತೆ ಯಾರ ಹೆಸರಿಗೆ ಆಗುತ್ತಿತ್ತು, ಹೇಳಿ?