ಕರಗದ ಬಿಳಿ ಆಣೆ

ಭಾಲ್ಕಿಯ ಅಕ್ಕಸಾಲಿ ಪತ್ತಾರ ಊದುಗೊಳವೆ ಕೆಳಗಿಟ್ಟು, ಮೂಸೆಯೊಳಗಿನ ಆಣೆಯನ್ನು ಇಕ್ಕಳದಿಂದ ಎತ್ತಿ ನಮ್ಮ ಅತ್ತೆಗೆ ತೋರಿಸಿದ. ಕೆಂಡದಂತೆ ಕೆಂಪಾಗಿತ್ತು, ಕರಗಿರಲಿಲ್ಲ.

“ಬೆಳ್ಳಿ ಆಗಿದ್ರ ಇಷ್ಟೊತ್ತಿಗೆ ನೀರಾಗ್ತಿತ್ರಿ, ಯಮ್ಮಾ. ಇದು ನಿಕ್ಕಲ್. ಸರಕಾರದವ್ರು ತಾಮ್ರದಾಗ ಕೂಡಿಸ್ಯಾರ.”

“ತಾಮ್ರ ಕೂಡಿದ್ರ ಇಷ್ಟು ಬೆಳ್ಳಗ ಹ್ಯಾಂಗಿರ್ತದೋ? ನನ್ನ ಬೆಳ್ಳಿ ನುಂಗೂ ಹಂಚಿಕಿ ಹಾಕೀಯೇನು?” ಎಂದು ಅತ್ತೆ ಹರಿಹಾಯ್ದರು.

ಹುಟ್ಟಿದಾಗಿನಿಂದ ತಾಮ್ರದ ಕೆಂಪು ದುಡ್ಡನ್ನೇ ಕಂಡವರು ಅವರು. ಹೊಸ ಬಿಳಿ ಆಣೆ ಬಂದಾಗ ಬೆಳ್ಳಿಯೆಂದೇ ನಂಬಿದರು. ನಮ್ಮೂರು ಹಲಬರ್ಗಾದಲ್ಲಿ ಮನೆಮನೆಗೆ ತುಪ್ಪ ಮಾರಿ, ಅದೇ ಆಣೆ ಕೊಡಿರೆಂದು ಕೇಳಿ ಕೇಳಿ ಕೂಡಿಟ್ಟರು. ಮೊಮ್ಮಗಳ, ಅಂದರೆ ನನ್ನ ಮಗಳ, ಇಷ್ಟಲಿಂಗವಿಡಲು ಬೆಳ್ಳಿಯ ಕರಡಿಗೆ ಮಾಡಿಸುವುದೊಂದೇ ಅವರ ಆಸೆಯಾಗಿತ್ತು. ನಾನೂ ಅದನ್ನು ಬೆಳ್ಳಿಯೆಂದೇ ತಿಳಿದಿದ್ದೆ.

ಪತ್ತಾರ ಇದ್ದಿಲಿನ ದುಡ್ಡನ್ನೂ ಕೇಳಲಿಲ್ಲ. ಉಳಿದ ಆಣೆಗಳಿಗೆ ಸಂತೆಯಲ್ಲಿ ಜೋಳ ಬಂತು, ಅದೂ ಶಿವನ ಕರುಣೆಯೇ. ಮಗುವಿನ ಲಿಂಗ ಇಂದಿಗೂ ಅರಿವೆಯಲ್ಲಿದೆ. ಶಿವನಿಗೆ ಅರಿವೆಯೇ ಸಾಕೆಂದು ನಾನು ನಂಬುತ್ತೇನೆ. ಆದರೆ ಪೂಜೆ ಮುಗಿಸಿ ಅದನ್ನು ಮಗುವಿನ ಕೊರಳಿಗೆ ಕಟ್ಟುವ ಹೊತ್ತಿಗೆ ಅತ್ತೆ ಎದ್ದು ಹಿತ್ತಲಿಗೆ ಹೋಗಿಬಿಡುತ್ತಾರೆ. ಅವರನ್ನು ಕರೆದು ಕೂಡಿಸಿಕೊಳ್ಳಲು ಏನು ಹೇಳಬೇಕೋ ನನಗಿನ್ನೂ ತಿಳಿದಿಲ್ಲ.