ಬಾನೆಟ್ಟಿನ ಮೇಲೆ ಮೂಡಿದ ಕೈ

ಬೆಟಗೇರಿಯ ಮನೆಯ ಮಗ್ಗ ನಿಂತ ಮೇಲೆ, ನಲವತ್ತನೆಯ ವಯಸ್ಸಿನಲ್ಲಿ ಗದಗಿನ ಗ್ಯಾರೇಜು ಸೇರಿ ಆರು ತಿಂಗಳು ಉಪ್ಪುಕಾಗದ ಹಿಡಿದು ಬರೀ ಗಾಡಿಗಳ ತಗಡು ತಿಕ್ಕಿದೆ. ಹೊಸ ತಗಡು ಕಂಪನಿಯಿಂದ ತುಕ್ಕು ತಡೆಯುವ ಕರಿ ಲೇಪದ ಅಸ್ತರು ಹೊದ್ದುಕೊಂಡೇ ಬರುತ್ತದೆ. ಅದನ್ನು ಕೆರೆದು ತೆಗೆಯುವಂತಿಲ್ಲ, ಹಾಗೇ ಬಿಡುವಂತೆಯೂ ಇಲ್ಲ. ಹೊಳಪು ಸಾಯುವಷ್ಟು ಹದವಾಗಿ ತಿಕ್ಕಿದರೇ ಬಣ್ಣ ಹಿಡಿಯುವುದು. ಒಂದು ಬೆಳಿಗ್ಗೆ ಬಣ್ಣದ ಉಸ್ತಾದರು ಕರೆದರು.

"ಶಿರಹಟ್ಟಿ ಜೀಪಿನ ಹೊಸಾ ಬಾನೆಟ್ ನೀನ ತಯಾರ್ ಮಾಡು. ನನ್ನ ಪರೀಕ್ಷಾದಾಗ ಪಾಸಾದ್ರ ಬಣ್ಣಾ ಹೊಡಿಯೋ ಗನ್ ನಿನ್ನ ಕೈಯಾಗ. ಇಲ್ಲಾಂದ್ರ ದೀಪಾವಳಿ ತನಕಾ ತಿಕ್ಕು."

ನನಗೆ ಸ್ವರ್ಗಕ್ಕೆ ಮೂರೇ ಗೇಣು! ಸಿಳ್ಳೆ ಹಾಕುತ್ತ ಮೂಲೆ ಮೂಲೆ ತಿಕ್ಕಿ, ಧೂಳು ಕೊಡವಿ, ಜಿಡ್ಡು ತೆಗೆಯುವ ದ್ರಾವಣದಲ್ಲಿ ಎರಡು ಸಲ ಒರೆಸಿದೆ. ಆಮೇಲೆ ಬರಿಗೈಯಿಂದ ಮುಟ್ಟಬಾರದು, ಗೊತ್ತಿತ್ತು. ಆದರೆ ನೇಯ್ದ ಸೀರೆಯನ್ನು ಕಣ್ಣಿಗಿಂತ ಮೊದಲು ಅಂಗೈಗೆ ತೋರಿಸುವ ಮನೆತನ ನಮ್ಮದು. ಹುಟ್ಟುಗುಣ ಸುಟ್ಟರೂ ಹೋಗದು. ಕಣ್ಣು ಮುಚ್ಚಿ ಹಾಯಾಗಿ ಸವರಿಯೇಬಿಟ್ಟೆ. ನಡುವೆ ಒಂದು ಕಡೆ ಕೈ ತಡೆಯಿತು. ಅಲ್ಲೇ ಇನ್ನೊಮ್ಮೆ ಇಡೀ ಅಂಗೈ ಊರಿ ಒತ್ತಿ ನೋಡಿದೆ.

ಅಷ್ಟರಲ್ಲಿ ಉಸ್ತಾದರು ಬಂದು ತಂಬಿಗೆ ನೀರು ಸುರಿದರು. ಪರೀಕ್ಷೆ ಅಂದರೆ ಅಷ್ಟೇ. ತಗಡು ಶುದ್ಧವಿದ್ದರೆ ನೀರು ಒಂದೇ ಸಮ ಹರಡುತ್ತದೆ, ಜಿಡ್ಡಿದ್ದಲ್ಲಿ ಹನಿಹನಿಯಾಗಿ ಒಡೆಯುತ್ತದೆ. ನೀರು ಚೆಂದವಾಗಿಯೇ ಹರಡಿತು. ನಟ್ಟನಡುವೆ ಮಾತ್ರ ಐದು ಬೆರಳು, ಒಂದು ಅಂಗೈ! ಬೆಳಿಗ್ಗೆ ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ನನ್ನ ಮಾನ ಕಳೆದಿತ್ತು.

"ಯಾವ ಸ್ವಾಮಿಗಳಲೇ, ಬಾನೆಟ್ಟಿಗೆ ಆಶೀರ್ವಾದ ಮಾಡಿದವ್ರು?"

ಅಳು ಬರಬೇಕಿತ್ತು, ನಗು ಬಂತು. ಬಾಯಿ ಮುಚ್ಚಿಕೊಂಡಷ್ಟೂ ಹೊಟ್ಟೆ ಕುಣಿಯಿತು. ಉಸ್ತಾದರ ಮೀಸೆಯೂ ಅದುರುತ್ತಿತ್ತು.

"ನಗತೀಯಲ್ಲೋ, ಗನ್ ಹೋತು ನಿಂದು!"

"ಹೋಗ್ಲಿ ಬಿಡ್ರಿ. ಆದ್ರ ನಡುಬೆರಳಿನ ತುದಿ ಐತಲ್ರಿ, ಅಲ್ಲೊಂದು ತಗ್ಗ ಐತಿ. ಖರೇನ."

"ಹೊಸಾ ತಗಡಿನ್ಯಾಗ ಎಲ್ಲೀ ತಗ್ಗಲೇ?"

ಬಗ್ಗಿ ನೋಡಿದರು, ಬೆಳಕಿಗೆ ತಿರುಗಿಸಿ ನೋಡಿದರು. ಆ ಮಂಕು ಕಪ್ಪಿನಲ್ಲಿ ಏನೂ ಕಾಣಲಿಲ್ಲ. ನನ್ನ ಹೆಗಲ ಮೇಲೊಂದು ತೆಳು ನೂಲಿನ ಬಟ್ಟೆ ಇತ್ತು, ನಮ್ಮ ಮಗ್ಗದಿಂದ ಇಳಿದ ಕೊನೆಯ ತುಂಡು. ತೆಳು ಬಟ್ಟೆಯ ಮೇಲಿಂದ ಸವರಿದರೆ ಕೈ ತಡೆಯಿಲ್ಲದೆ ಜಾರುತ್ತದೆ, ಸಣ್ಣ ತಗ್ಗೂ ಬೆರಳಿಗೆ ತಿಳಿಯುತ್ತದೆ. ಅದನ್ನು ಒದ್ದೆ ಒರೆಸಿದ ತಗಡಿನ ಮೇಲೆ ಹಾಸಿ, ಉಸ್ತಾದರ ಕೈ ಹಿಡಿದು ಅದರ ಮೇಲಿಟ್ಟೆ. ಮೆಲ್ಲಗೆ ಸವರುತ್ತ ಹೋದವರು ಒಂದೆಡೆ ನಿಂತುಬಿಟ್ಟರು. ಹೆಸರುಕಾಳಿನಷ್ಟು ತಗ್ಗು.

"ದಾರಿಯಾಗ ಎಲ್ಲೋ ಬಡದೈತಿ. ಬಣ್ಣ ಬಿದ್ದು ಹೊಳಪು ಬಂದ ಮ್ಯಾಲ ಊರಿಗೆಲ್ಲಾ ಕಾಣತಿತ್ತು," ಎಂದು ಗೊಣಗಿದರು.

ತಗ್ಗು ತುಂಬಿಸಿ, ಮತ್ತೆ ತಿಕ್ಕಿ, ಮತ್ತೆ ಒರೆಸಿದೆ. ಈ ಸಲ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ನೀರು ಈ ಅಂಚಿನಿಂದ ಆ ಅಂಚಿನವರೆಗೆ ಒಂದೇ ಸಮ ಹರಡಿತು.

"ತಗೋ ಗನ್ನು. ನಾಳಿಂದ ತಲಿಗೆ ಎಣ್ಣಿ ಹಚ್ಚಿ ಬಂದ್ರ ನಿನ್ನ ತಲೀನ ತಿಕ್ಕತೇನಿ!"

ನಲವತ್ತರ ನಾನು ಗನ್ ಎತ್ತಿ ಹಿಡಿದು ಗ್ಯಾರೇಜಿನ ತುಂಬ ಕುಣಿದೆ. ಮಗ್ಗದ ಜೊತೆಗೇ ಹೋಯಿತೆಂದುಕೊಂಡಿದ್ದ ವಿದ್ಯೆ ಅಂಗೈಯಲ್ಲೇ ಕೂತಿತ್ತಲ್ಲ, ಖುಷಿ ತಡೆಯಲಾಗಲಿಲ್ಲ. ಆ ಬಟ್ಟೆಯನ್ನು ಮಾತ್ರ ಉಸ್ತಾದರು ಮಡಚಿ ತಮ್ಮ ಜೇಬಿಗೆ ಇಳಿಸಿದರು. ಇವತ್ತಿಗೂ ವಾಪಸು ಕೊಟ್ಟಿಲ್ಲ.